ಕೇಮನ್ ಎಂಜಿನ್ ಮನೆಯ ಶೆಡ್ಡಿನಲ್ಲೇ ಇಳಿಸಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಬೆಂಗಳೂರಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡ 2007ರ ಪೋರ್ಷೆ ಕೇಮನ್ ಎಸ್ ಈಗ ಊರಿನಲ್ಲಿದೆ. ಎಂಜಿನ್, ಗೇರ್‌ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತದೆ. ಬಿಸಿಯಾದ ಮೇಲೂ ಟಿಕ್ ಟಿಕ್ ಸದ್ದು ನಿಲ್ಲುವುದಿಲ್ಲ. ಆಯಿಲ್ ಆಗಾಗ ತುಂಬಬೇಕಾಗಿದೆ. ಬೆಂಗಳೂರಿನ ಒಂದು ಗ್ಯಾರೇಜಿನವರು ಎಂಜಿನ್ ಇಳಿಸಲೇಬೇಕು ಎಂದು ಲಕ್ಷಗಳ ಲೆಕ್ಕ ಹೇಳಿದರು. ಜೀಪು, ಟಿಲ್ಲರ್ ಎಂಜಿನ್‌ಗಳನ್ನು ನಾನೇ ಬಿಚ್ಚಿ ಕಟ್ಟಿದ್ದೇನೆ. ಶೆಡ್ಡಿದೆ, ಚೈನ್ ಬ್ಲಾಕ್ ಇದೆ. ಮನೆಯಲ್ಲೇ ಮಾಡಬಹುದೇ?

ಉತ್ತರ: ಇಳಿಸುವುದನ್ನು ಮನೆಯಲ್ಲೇ ಮಾಡಬಹುದು. ಜೀಪಿನ ಎಂಜಿನ್ ಕಟ್ಟಿದ ಕೈಗೆ ಅದು ಮೀರಿದ ಕೆಲಸವಲ್ಲ. ಆದರೆ ಯಾಕೆ ಇಳಿಸುತ್ತಿದ್ದೇವೆ ಎಂಬುದು ಖಚಿತವಾಗುವ ತನಕ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ನೀವು ಹೇಳಿದ ಮೂರು ಲಕ್ಷಣಗಳು ಒಂದೇ ಕಾಯಿಲೆಯವಲ್ಲ. ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಂತಿದೆ, ಅದರಲ್ಲಿ ಒಂದಕ್ಕೆ ಎಂಜಿನ್ ಇಳಿಸುವ ಅಗತ್ಯವೇ ಇಲ್ಲ.

ಮೊದಲು ಆಯಿಲ್ ಸೋರಿಕೆ. ಕೇಮನ್‌ನಲ್ಲಿ ಎಂಜಿನ್ ಸೀಟುಗಳ ಬೆನ್ನಿಗೇ ಇರುತ್ತದೆ, ಅದರ ಹಿಂದೆ ಗೇರ್‌ಬಾಕ್ಸ್. ಎರಡೂ ಕೂಡುವಲ್ಲಿ ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಹೋಗಿರುತ್ತದೆ, ಇಲ್ಲವೇ ಅದರ ಕೆಳಗಿರುವ ಇಂಟರ್‌ಮೀಡಿಯೆಟ್ ಶಾಫ್ಟಿನ (ಕ್ರ್ಯಾಂಕಿನ ತಿರುಗಾಟವನ್ನು ಕ್ಯಾಮ್‌ಶಾಫ್ಟುಗಳಿಗೆ ದಾಟಿಸುವ ನಡುವಿನ ಶಾಫ್ಟು) ಮುಚ್ಚಳದ ಸೀಲ್. ಎಂಜಿನ್‌ಗೆ ಕೆಳಗಿನಿಂದ ಆಧಾರ ಕೊಟ್ಟು ಗೇರ್‌ಬಾಕ್ಸ್ ಒಂದನ್ನೇ ಹಿಂದಕ್ಕೆಳೆದು ಇಳಿಸಿ, ಕ್ಲಚ್ಚು, ಫ್ಲೈವೀಲ್ ತೆಗೆದರೆ ಎರಡೂ ಕಣ್ಣೆದುರಿಗೇ ಸಿಗುತ್ತವೆ. ಇಷ್ಟಕ್ಕೇ ಇಡೀ ಎಂಜಿನ್ ಇಳಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನನಗೆ ಚಿಂತೆ ಇರುವುದು ಬಿಸಿಯಾದ ಮೇಲೂ ನಿಲ್ಲದ ಆ ಸದ್ದಿನ ಬಗ್ಗೆ. ತಣ್ಣಗಿರುವಾಗ ಟಿಕ್ ಎಂದು ಸ್ವಲ್ಪ ಹೊತ್ತಿಗೆ ಅಡಗಿದರೆ ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವಿನ ಸಡಿಲನ್ನು ಆಯಿಲ್ ಒತ್ತಡದಿಂದ ತುಂಬುವ ಭಾಗ) ಎಂದುಕೊಂಡು ಸುಮ್ಮನಿರಬಹುದು. ಬಿಸಿಯಾದಷ್ಟೂ ಸ್ಪಷ್ಟವಾಗಿ ಕೇಳುತ್ತ, ಜೊತೆಗೆ ಆಯಿಲನ್ನೂ ಕುಡಿಯುತ್ತಿದ್ದರೆ ಸಿಲಿಂಡರಿನೊಳಗೆ ಗೀರು ಬಿದ್ದಿರುವ ಸಾಧ್ಯತೆ ಹೆಚ್ಚು. ನಿಮ್ಮ 3.4 ಲೀಟರ್ ಎಂಜಿನ್‌ನ ಸಿಲಿಂಡರುಗಳು ಜೀಪಿನದರಂತೆ ಬೀಡುಕಬ್ಬಿಣದವಲ್ಲ. ಅಲ್ಯೂಮಿನಿಯಂ ಎರಕದೊಳಗೆ ಸಿಲಿಕಾನ್ ಕಣಗಳನ್ನು ಕೂರಿಸಿ ಮಾಡಿದ ಗೋಡೆ, ಲೋಕಾಸಿಲ್ ಎನ್ನುತ್ತಾರೆ. ಪಿಸ್ಟನ್ನೂ ಅಲ್ಯೂಮಿನಿಯಮ್ಮೇ, ಅದರ ಪಕ್ಕಕ್ಕೆ ತೆಳುವಾದ ಕಬ್ಬಿಣದ ಲೇಪ. ಆ ಲೇಪ ಸವೆದ ಜಾಗದಲ್ಲಿ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಉಜ್ಜುತ್ತದೆ, ಗೋಡೆಯ ಸಿಲಿಕಾನ್ ಕಣಗಳು ಕಿತ್ತು ಬರುತ್ತವೆ, ಪಿಸ್ಟನ್ ಅಲುಗಾಡಲು ಜಾಗ ಸಿಗುತ್ತದೆ. ನಿಮಗೆ ಕೇಳುವ ಟಿಕ್ ಆ ಅಲುಗಾಟದ್ದೇ ಇರಬಹುದು. ಈ ಎಂಜಿನ್‌ಗಳಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು 4, 5, 6ನೇ ಸಿಲಿಂಡರುಗಳು.

ಇದನ್ನು ಎಂಜಿನ್ ಬಿಚ್ಚದೆಯೇ ನೋಡಬಹುದು, ನೋಡಲೇಬೇಕು. ಪ್ಲಗ್ಗುಗಳನ್ನು ತೆಗೆದು ನಂಬರಿನ ಪ್ರಕಾರ ಸಾಲಾಗಿಡಿ. ಒಂದೋ ಎರಡೋ ಮಾತ್ರ ಎಣ್ಣೆಮಸಿಯಿಂದ ಕಪ್ಪಾಗಿ ಉಳಿದವು ತಿಳಿಗಂದು ಬಣ್ಣಕ್ಕಿದ್ದರೆ ಯಾವ ಸಿಲಿಂಡರ್ ಎಂಬ ಸುಳಿವು ಅಲ್ಲೇ ಸಿಕ್ಕಿತು. ಆಮೇಲೆ ಮೊಬೈಲಿಗೆ ಸಿಕ್ಕಿಸುವ ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ತರಿಸಿ, ಪಕ್ಕಕ್ಕೂ ನೋಡುವ ಲೆನ್ಸ್ ಇರುವಂಥದ್ದು. ಪಿಸ್ಟನ್ ತೀರ ಕೆಳಗಿರುವಾಗ ಪ್ಲಗ್ ತೂತಿನಿಂದ ಇಳಿಸಿ ಗೋಡೆಯ ಸುತ್ತ ನಿಧಾನಕ್ಕೆ ತಿರುಗಿಸಿ. ಚೆನ್ನಾಗಿರುವ ಗೋಡೆ ಎಲ್ಲ ಕಡೆ ಒಂದೇ ಸಮನೆ ಮಾಸಲು ಬೂದು ಬಣ್ಣಕ್ಕಿರುತ್ತದೆ. ಗೀರು ಬಿದ್ದಿದ್ದರೆ ಪಿಸ್ಟನ್ ಓಡಾಡುವ ದಿಕ್ಕಿನಲ್ಲೇ ಉದ್ದುದ್ದ ಕಪ್ಪು ಗೆರೆಗಳು, ಅವುಗಳ ಅಕ್ಕಪಕ್ಕ ಕನ್ನಡಿಯಂತೆ ಹೊಳೆಯುವ ಪಟ್ಟಿ. ಗೀರು ಶುರುವಾಗುವುದು ಸಿಲಿಂಡರಿನ ತಳಭಾಗದ ಕಡೆಯಿಂದ, ಆದ್ದರಿಂದ ಪ್ಲಗ್ ತೂತಿನಿಂದ ಏನೂ ಕಾಣದಿದ್ದರೂ ನಿಶ್ಚಿಂತೆಯಾಗಬೇಡಿ. ಆಯಿಲ್ ಬಸಿದು ಸಂಪ್ ಪ್ಲೇಟ್ (ಎಂಜಿನ್ ತಳದ ಆಯಿಲ್ ತೊಟ್ಟಿಯ ಮುಚ್ಚಳ) ತೆಗೆದು, ಕೆಳಗಿನಿಂದ ಕ್ಯಾಮೆರಾ ತೂರಿಸಿ ನೋಡಿದರೇ ಪೂರ್ತಿ ಸತ್ಯ ಗೊತ್ತಾಗುವುದು.

ಕಂಪ್ರೆಷನ್, ಲೀಕ್‌ಡೌನ್ ಪರೀಕ್ಷೆ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ, ಎಷ್ಟು ಗಾಳಿ ಸೋರುತ್ತದೆ ಎಂದು ನೋಡುವುದು) ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಗೀರು ಬಿದ್ದ ಸಿಲಿಂಡರಿನಲ್ಲೂ ರಿಂಗುಗಳು ಸಾಕಷ್ಟು ಗಾಳಿ ಹಿಡಿದಿಟ್ಟು ಒಳ್ಳೆಯ ಅಂಕಿ ತೋರಿಸಿಬಿಡುತ್ತವೆ. ಅದಕ್ಕಿಂತ ಆಯಿಲ್ ಫಿಲ್ಟರನ್ನು ನಾನು ಹೆಚ್ಚು ನಂಬುತ್ತೇನೆ. ನಿಮ್ಮ ಕಾರಿನದು ಕಾಗದದ ಫಿಲ್ಟರ್. ಕತ್ತರಿಯಿಂದ ಕತ್ತರಿಸಿ, ಮಡಿಕೆ ಮಡಿಕೆಯಾಗಿ ಬಿಡಿಸಿ ಬಿಳಿ ಹಾಳೆಯ ಮೇಲೆ ಬಿಸಿಲಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಅಂಟುವ ಚೂರುಗಳಾದರೆ ಬೇರಿಂಗ್, ಚೈನ್ ಇತ್ಯಾದಿ ಉಕ್ಕಿನ ಭಾಗಗಳದ್ದು. ಅಂಟದೆ ಹೊಳೆಯುವ ಪುಡಿಯಾದರೆ ಅಲ್ಯೂಮಿನಿಯಂ. ಪ್ಲಾಸ್ಟಿಕ್ ಚೂರುಗಳಿದ್ದರೆ ಟೈಮಿಂಗ್ ಚೈನಿನ ಗೈಡುಗಳು ಸವೆದಿವೆ ಎಂದರ್ಥ. ಈ ಹಾಳೆಯ ಫೋಟೊ ತೆಗೆದಿಡಿ.

ಗೋಡೆ ಸ್ವಚ್ಛವಾಗಿ ಕಂಡರೆ ನಿಮ್ಮ ಕೆಲಸ ಗೇರ್‌ಬಾಕ್ಸ್ ಇಳಿಸುವಲ್ಲಿಗೆ ಮುಗಿಯಿತು. ಸೀಲ್ ಹಾಕಿ, ಕ್ಲಚ್ ಸವೆದಿದ್ದರೆ ಅದನ್ನೂ ಬದಲಿಸಿ, ಕಟ್ಟಿ, ಓಡಿಸಿ. ಗೀರು ಖಚಿತವಾದರೆ ಮಾತ್ರ ಮುಂದಿನದನ್ನು ಓದಿ.

ಕಾಲ ಯಾವುದು ಎಂಬುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ನಿಮ್ಮದು ಅದೇ ತಾಲ್ಲೂಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಚ್ಚಿಟ್ಟ ಎಂಜಿನ್ನಿನ ಉಕ್ಕಿನ ಭಾಗಗಳಿಗೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನ ಪೊರೆ ಹತ್ತುತ್ತದೆ. ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ನಯವಾದ ಜಾಗ) ಮೇಲೆ ಹಾಗೆ ಒಂದು ಕಲೆ ಬಿತ್ತೆಂದರೆ ಪಾಲಿಶಿಗೆ ಕಳಿಸದೆ ದಾರಿಯಿಲ್ಲ. ಮಳೆ ಮುಗಿದ ಕೂಡಲೇ ಮಾಡೋಣವೆಂದರೆ ಅಡಿಕೆ ಕೊಯ್ಲು. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಅದೇ ಶೆಡ್ಡು, ಅದೇ ಅಂಗಳದಲ್ಲಿ. ಅಡಿಕೆ ಸಿಪ್ಪೆಯ ಆ ಸಣ್ಣ ನಾರು ಹಾರಿ ಎಲ್ಲೆಂದರಲ್ಲಿ ಕೂರುತ್ತದೆ, ಆಯಿಲ್ ದಾರಿಯೊಳಗೆ ಹೋದರೆ ಹೊರಗೆ ಬರುವುದಿಲ್ಲ. ಕೊಯ್ಲು ಮುಗಿದು ಶೆಡ್ಡು ಖಾಲಿಯಾಗಿ ತೊಳೆದ ಮೇಲೆ, ಫೆಬ್ರವರಿ ಕೊನೆಗೆ ಶುರು ಮಾಡಿ. ಪಾರ್ಟ್ಸ್ ಹೊರದೇಶದಿಂದ ಬರಬೇಕು, ತಡವಾಗುತ್ತದೆ. ಆದ್ದರಿಂದ ಬೋರ್‌ಸ್ಕೋಪಿನ ಕೆಲಸ ಮೊದಲೇ ಮುಗಿಸಿ, ಸೀಲು, ಬೋಲ್ಟು, ಗ್ಯಾಸ್ಕೆಟ್ ತರಿಸಿಟ್ಟುಕೊಂಡೇ ಬಿಚ್ಚಲು ಕೂರಿ.

ಇನ್ನು ಶೆಡ್ಡು. ಚೈನ್ ಬ್ಲಾಕ್ ಇದೆ ಎಂದಿದ್ದೀರಿ, ಈ ಕೆಲಸಕ್ಕೆ ಅದು ಬೇಕಾಗಿಲ್ಲ. ಜೀಪಿನ ಎಂಜಿನ್ ಮೇಲಕ್ಕೆ ಬರುತ್ತದೆ, ಕೇಮನ್‌ನದು ಗೇರ್‌ಬಾಕ್ಸಿನ ಸಮೇತ ಕೆಳಕ್ಕೆ ಇಳಿಯುತ್ತದೆ. ಕಾರನ್ನು ಎತ್ತರಿಸಿ, ಎಂಜಿನ್ನನ್ನು ಟ್ರಾಲಿಯ ಮೇಲೆ ಕೂರಿಸಿ, ಹಿಂದಿನಿಂದ ಹೊರಗೆಳೆಯಬೇಕು. ಎಂಜಿನ್ನು, ಗೇರ್‌ಬಾಕ್ಸು ಸೇರಿ ಎರಡೂವರೆಯಿಂದ ಮೂರು ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ಎಲ್ಲ ಮುಗಿದು ಹೆಡ್ಡನ್ನೋ ಬ್ಲಾಕನ್ನೋ ಎತ್ತಲು ಚೈನ್ ಬ್ಲಾಕ್ ಬಳಸುವುದಾದರೂ ಹೆಂಚಿನ ಮಾಡಿನ ತೊಲೆಗೆ ಮಾತ್ರ ನೇತುಹಾಕಬೇಡಿ. ಹಳೆಯ ತೊಲೆಗಳ ತುದಿ ಗೋಡೆಯೊಳಗೆ ಗೆದ್ದಲು ತಿಂದು ಪೊಳ್ಳಾಗಿರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಕಾರು ನಿಲ್ಲಿಸುವ ನೆಲದ ಬಗ್ಗೆ ನಾನು ಹಟ ಹಿಡಿದು ಹೇಳುತ್ತೇನೆ, ಏಕೆಂದರೆ ನೀವು ಅದರ ಕೆಳಗೆ ಮಲಗುವವರು. ಮಣ್ಣಿನ ನೆಲದಲ್ಲಿ, ಮಣ್ಣಿನ ಮೇಲೆ ಬಳಿದ ತೆಳು ಸಿಮೆಂಟಿನ ಮೇಲೆ ಜಾಕ್ ಸ್ಟ್ಯಾಂಡಿನ ಕಾಲು ಕುಸಿಯುತ್ತದೆ. ಕಡಪ ಕಲ್ಲು ಹಾಸಿದ್ದರೆ ಇನ್ನೂ ಕೆಟ್ಟದ್ದು, ಅಡಿಯಲ್ಲಿ ಪೊಳ್ಳಿರುವ ಕಡೆ ಬಿರುಕು ಬಿಟ್ಟು ಒಮ್ಮೆಲೇ ಮುರಿಯುತ್ತದೆ. ಗಟ್ಟಿ ಕಾಂಕ್ರೀಟ್ ನೆಲ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಕ್ಯೂರಿಂಗ್ ಆಗಲು ಬಿಡಿ, ಆಮೇಲೆ ಎಂಜಿನ್ ವಿಷಯ ಮಾತಾಡೋಣ. ಸ್ಟ್ಯಾಂಡಿನ ಬದಲು ಜಂಬಿಟ್ಟಿಗೆ ಕಲ್ಲು ಪೇರಿಸುವುದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೋಡುತ್ತೇನೆ. ಜಂಬಿಟ್ಟಿಗೆ ಗೋಡೆಯ ಭಾರ ತಾಳುತ್ತದೆ, ಒಂದೇ ಬಿಂದುವಿನಲ್ಲಿ ಬೀಳುವ ಕಾರಿನ ಭಾರಕ್ಕೆ ಪುಡಿಯಾಗುತ್ತದೆ. ಸಿಮೆಂಟ್ ಇಟ್ಟಿಗೆಯೂ ಹಾಗೇ. ಭಾರದ ಅಂಕಿ ಮುದ್ರಿಸಿರುವ ನಾಲ್ಕು ಉಕ್ಕಿನ ಸ್ಟ್ಯಾಂಡುಗಳು, ಕಾರಿನ ಕೈಪಿಡಿಯಲ್ಲಿ ತೋರಿಸಿದ ಜಾಗಗಳಲ್ಲೇ. ಚಕ್ರಗಳನ್ನು ಬಿಚ್ಚಿ ಕಾರಿನ ಅಡಿಗೆ ತಳ್ಳಿಡಿ. ಎಂಜಿನ್ ಇಳಿದ ಮೇಲೆ ಕಾರಿನ ತೂಕ ಮುಂದಕ್ಕೆ ಜಾರುತ್ತದೆ ಎಂಬುದನ್ನು ಮರೆಯಬೇಡಿ. ಅದುವರೆಗೆ ಅಲ್ಲಾಡದೆ ನಿಂತಿದ್ದ ಕಾರು ಆ ಕ್ಷಣದಲ್ಲಿ ಮುಂದೆ ಬಾಗಬಹುದು. ಎಷ್ಟು ಎತ್ತರ ಬೇಕು ಎಂದು ನನ್ನನ್ನು ಕೇಳುವುದಕ್ಕಿಂತ ನಿಮ್ಮ ಟ್ರಾಲಿಯ ಎತ್ತರಕ್ಕೆ ಎಂಜಿನ್ನಿನ ಎತ್ತರ ಸೇರಿಸಿ, ಹಿಂದಿನ ಬಂಪರಿನ ಅಡಿಗೆ ಅಳೆದು ನೋಡಿ. ಮೇಲಿನ ಇಂಟೇಕ್ ಭಾಗವನ್ನು ಕಳಚಿದರೆ ಬೇಕಾದ ಎತ್ತರ ಎಷ್ಟೋ ಕಡಿಮೆಯಾಗುತ್ತದೆ.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ. ವೈರು ಕಳಚಿದ ಮೇಲೆ ಆ ಮುಚ್ಚಳವನ್ನು ಹಾಕಿಬಿಡಬೇಡಿ, ಅದರ ಬೀಗ ವಿದ್ಯುತ್ತಿನದು, ಕರೆಂಟ್ ಇಲ್ಲದೆ ತೆರೆಯುವುದಿಲ್ಲ. ಹಾಕಿಕೊಂಡುಬಿಟ್ಟರೆ ಗಾಬರಿ ಬೇಡ. ಫ್ಯೂಸ್ ಬಾಕ್ಸಿನಲ್ಲಿ ಅದಕ್ಕೆಂದೇ ಹೊರಗೆಳೆಯುವ ಒಂದು ಟರ್ಮಿನಲ್ ಇದೆ, ಬೇರೆ ಬ್ಯಾಟರಿಯಿಂದ ಅಲ್ಲಿಗೆ ಕರೆಂಟ್ ಕೊಡಬಹುದು.

ಪೆಟ್ರೋಲ್ ಪೈಪು ಕಳಚುವ ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಒತ್ತಡ ಇಳಿಯುತ್ತದೆ. ಆದರೂ ಸ್ವಲ್ಪ ಚೆಲ್ಲಿಯೇ ಚೆಲ್ಲುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ತಗ್ಗಿಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಶೆಡ್ಡಿನ ಪಕ್ಕದಲ್ಲೇ ಬಚ್ಚಲು, ಅಲ್ಲಿ ಬೆಳಗಿನಿಂದ ಉರಿಯುವ ಹಂಡೆಯ ಒಲೆ. ಆ ದಿನ ಒಲೆ ಹೊತ್ತಿಸಬೇಡಿ, ಅಡಿಕೆ ಬೇಯಿಸುವ ಒಲೆಯನ್ನೂ. ಮನೆಯವರಿಗೆಲ್ಲ ಹಿಂದಿನ ದಿನವೇ ಹೇಳಿಡಿ.

ಕೂಲೆಂಟ್ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಬರುತ್ತದೆ. ರೇಡಿಯೇಟರುಗಳು ಮೂತಿಯಲ್ಲಿ, ಎಂಜಿನ್ ನಡುವೆ, ಕಾರಿನುದ್ದಕ್ಕೂ ಪೈಪು. ದೊಡ್ಡ ಬಕೆಟ್ಟುಗಳನ್ನೇ ಇಡಿ, ತುಂಬಿದ ಕೂಡಲೇ ಮುಚ್ಚಳ ಹಾಕಿ ಎತ್ತಿಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಬೆಕ್ಕು, ದನಕರು ನೆಕ್ಕಿ ಕುಡಿಯುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ತೋಟದ ಬಸಿಗಾಲುವೆಗೆ ಕೂಲೆಂಟನ್ನಾಗಲಿ ಹಳೆ ಆಯಿಲನ್ನಾಗಲಿ ಚೆಲ್ಲುವುದೆಂದರೆ ಕೆಳಗಿನ ಮನೆಯವರ ಬಾವಿಗೆ ಚೆಲ್ಲಿದಂತೆಯೇ. ಕ್ಯಾನಿಗೆ ತುಂಬಿ ಶಿವಮೊಗ್ಗದಲ್ಲಿ ಹಳೆ ಆಯಿಲ್ ಕೊಳ್ಳುವವರಿಗೆ ಮುಟ್ಟಿಸಿ.

ಎಸಿ ಗ್ಯಾಸ್ ಬಿಡುವ ಅಗತ್ಯವಿಲ್ಲ. ಕಂಪ್ರೆಸರನ್ನು ಎಂಜಿನ್‌ನಿಂದ ಬಿಚ್ಚಿ, ಪೈಪುಗಳು ಹಾಗೇ ಇರಲು ಬಿಟ್ಟು ಪಕ್ಕಕ್ಕೆ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದರಾಯಿತು. ಸೀಟುಗಳ ಹಿಂದಿನ ಫಲಕ ತೆಗೆದರೆ ಬೆಲ್ಟಿನ ಕಡೆ ಕೈ ಹೋಗುತ್ತದೆ. ಆಕ್ಸಲ್ಲು, ಗೇರ್ ಕೇಬಲ್ಲು, ಕ್ಲಚ್ಚಿನ ಹೈಡ್ರಾಲಿಕ್ ಪೈಪು, ಅರ್ತಿಂಗ್ ಪಟ್ಟಿ, ವೈರಿಂಗ್ ಜೋಡಣೆಗಳು. ಒಂದೊಂದನ್ನೂ ಕಳಚುವ ಮೊದಲು ಫೋಟೊ, ಕಳಚಿದ ಮೇಲೆ ಎರಡೂ ತುದಿಗೆ ಒಂದೇ ನಂಬರಿನ ಚೀಟಿ. ಸೈಲೆನ್ಸರ್ ಮ್ಯಾನಿಫೋಲ್ಡಿನ ಬೋಲ್ಟುಗಳು ಅಲ್ಯೂಮಿನಿಯಂ ಹೆಡ್ಡಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ, ಮಲೆನಾಡಿನ ಕಾರಿನಲ್ಲಂತೂ ಖಂಡಿತ. ಕೆಲವು ದಿನ ಮೊದಲಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಕುಡಿಸುತ್ತಿರಿ. ತಿರುಗದಿದ್ದರೆ ಉದ್ದದ ಪೈಪು ಹಾಕಿ ಜಗ್ಗಬೇಡಿ, ಸ್ವಲ್ಪ ಬಿಗಿ ಮಾಡಿ ಸ್ವಲ್ಪ ಸಡಿಲಿಸಿ ಹೀಗೆ ಹಿಂದೆ ಮುಂದೆ ಆಡಿಸುತ್ತ ಬನ್ನಿ. ತಲೆ ಮುರಿದರೆ ಹೆಡ್ಡಿನಲ್ಲಿ ಉಳಿದ ತುಂಡನ್ನು ಡ್ರಿಲ್ ಮಾಡಿ ತೆಗೆಸುವುದು ಬೇರೆಯೇ ಒಂದು ಕೆಲಸವಾಗುತ್ತದೆ.

ಇಳಿಸುವ ಹೊತ್ತಿಗೆ ಮೂರು ಜನ ಬೇಕು. ಒಬ್ಬರ ಕೈ ಜಾಕ್ ಮೇಲೆ ಮಾತ್ರ, ಇಬ್ಬರ ಕಣ್ಣು ಎರಡು ಪಕ್ಕದಲ್ಲಿ. ಒಂದೆರಡು ಇಂಚು ಇಳಿಸಿ ನಿಲ್ಲಿಸಿ, ಸುತ್ತ ನೋಡಿ, ಮತ್ತೆ ಇಳಿಸಿ. ಕಳಚಲು ಮರೆತ ಒಂದು ಪೈಪೋ ವೈರೋ ಎಲ್ಲರಿಗೂ ಇದ್ದೇ ಇರುತ್ತದೆ.

ಎಂಜಿನ್ ಹೊರಬಂದ ತಕ್ಷಣ ತೆರೆದ ಪ್ರತಿಯೊಂದು ಬಾಯಿಗೂ ಮುಚ್ಚಳ ಅಥವಾ ಟೇಪು ಹಾಕಿ. ಕುಂಬಾರ ಹುಳಕ್ಕೆ ಬೆರಳು ಹೋಗುವಷ್ಟು ತೂತು ಸಿಕ್ಕರೆ ಸಾಕು, ಮಣ್ಣು ತಂದು ಗೂಡು ಕಟ್ಟುತ್ತದೆ. ಒಣಗಿದ ಆ ಮಣ್ಣು ಇಂಟೇಕ್ ದಾರಿಯ ತಿರುವಿನಲ್ಲಿ ಕೂತರೆ ಹೊರಗಿನಿಂದ ಕಾಣುವುದೇ ಇಲ್ಲ. ಎಂಜಿನ್ ಚಾಲೂ ಆದಾಗ ಉದುರಿ ನೇರ ಸಿಲಿಂಡರಿಗೆ ಬೀಳುತ್ತದೆ. ಬಟ್ಟೆ ತುರುಕಿದರೆ ಸಾಲದು, ಇಲಿ ಅದನ್ನೇ ಹಾಸಿಗೆ ಮಾಡಿಕೊಳ್ಳುತ್ತದೆ. ಕಾರಿನಲ್ಲಿ ನೇತಾಡುವ ವೈರಿಂಗನ್ನೂ ಎತ್ತಿ ಕಟ್ಟಿಡಿ.

ಈಗ ಎಲ್ಲಿ ನಿಲ್ಲಿಸಬೇಕು ಎಂಬ ಮಾತು. ಹೊರಗಿನ ಭಾಗಗಳನ್ನು ಬಿಚ್ಚುವುದು, ತೊಳೆಯುವುದು, ವಾಟರ್ ಪಂಪು, ಥರ್ಮೋಸ್ಟ್ಯಾಟು, ಆಯಿಲ್ ಸೆಪರೇಟರ್ ಬದಲಿಸುವುದು ಎಲ್ಲ ಮನೆಯಲ್ಲಿ ಮಾಡಿ. ಕ್ಯಾಮ್‌ಶಾಫ್ಟನ್ನು ಲಾಕ್ ಮಾಡುವ ಸಲಕರಣೆ ಮತ್ತು ಈ ಎಂಜಿನ್ನಿನದೇ ವರ್ಕ್‌ಶಾಪ್ ಕೈಪಿಡಿ ಕೈಯಲ್ಲಿದ್ದರೆ ಹೆಡ್ಡುಗಳನ್ನೂ ತೆಗೆಯಿರಿ. ಕ್ರ್ಯಾಂಕ್‌ಕೇಸನ್ನು (ಕ್ರ್ಯಾಂಕ್ ಕೂರುವ ಎಂಜಿನ್ನಿನ ಮುಖ್ಯ ಚಿಪ್ಪು) ಎರಡು ಹೋಳು ಮಾಡುವ ಕೆಲಸಕ್ಕೆ ಮಾತ್ರ ನೀವೊಬ್ಬರೇ ಇಳಿಯಬೇಡಿ ಎಂದು ನನ್ನ ಸಲಹೆ. ಇದು ಮಲಗಿದ ಆರು ಸಿಲಿಂಡರುಗಳ ಎಂಜಿನ್, ಮೂರು ಆ ಕಡೆ, ಮೂರು ಈ ಕಡೆ. ಜೋಡಿಸುವಾಗ ಒಂದು ಪಕ್ಕದ ಪಿಸ್ಟನ್ ಪಿನ್ನುಗಳನ್ನು ಕೇಸಿನ ತೂತಿನ ಮೂಲಕ ಕಣ್ಣಿಗೆ ಸರಿಯಾಗಿ ಕಾಣದ ಜಾಗದಲ್ಲಿ ಕೂರಿಸಬೇಕು, ಅದರ ಲಾಕನ್ನೂ ಹಾಗೆಯೇ. ಒಂದು ಲಾಕ್ ಸರಿಯಾಗಿ ಕೂರದಿದ್ದರೆ ಇಷ್ಟೆಲ್ಲ ಮಾಡಿದ್ದು ಮೊದಲ ದಿನವೇ ಚೂರಾಗುತ್ತದೆ. ಈ ಎಂಜಿನ್ ಕಟ್ಟಿದ ಒಬ್ಬರನ್ನು ಆ ಹಂತಕ್ಕೆ ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಖರ್ಚು ದಂಡವಲ್ಲ.

ಕೇಸ್ ಬಿಚ್ಚಿದ ಮೇಲೆ ಅದು ಯಾರ ಕೈಗೆ ಹೋಗಬೇಕು? ಇದು ಈ ಉತ್ತರದಲ್ಲೇ ಮುಖ್ಯವಾದದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ಕಾಲದಿಂದ ನಮ್ಮ ಜಿಲ್ಲೆಯಲ್ಲಿ ಲೇತ್ ಕೆಲಸಕ್ಕೆ ಒಳ್ಳೆಯ ಕೈಗಳಿವೆ, ನನಗೆ ಅವರ ಬಗ್ಗೆ ಗೌರವವಿದೆ. ಲಾರಿ, ಟ್ರ್ಯಾಕ್ಟರ್ ಬ್ಲಾಕುಗಳನ್ನು ಅವರಷ್ಟು ಚೆನ್ನಾಗಿ ಮಾಡುವವರು ಕಡಿಮೆ. ಆದರೆ ಬೀಡುಕಬ್ಬಿಣಕ್ಕೆ ಮಾಡುವ ಹೋನಿಂಗನ್ನು (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ನಯ ಮಾಡುವುದು) ಲೋಕಾಸಿಲ್ ಗೋಡೆಗೆ ಮಾಡಿದರೆ ಸಿಲಿಕಾನ್ ಕಣಗಳೇ ಕಿತ್ತು ಹೋಗಿ ಉಳಿದ ಒಳ್ಳೆಯ ಸಿಲಿಂಡರುಗಳೂ ಹಾಳಾಗುತ್ತವೆ. 'ಗೀರು ಸಣ್ಣದು, ಸ್ವಲ್ಪ ಹೋನ್ ಹೊಡೆದು ಹೊಸ ರಿಂಗ್ ಹಾಕೋಣ' ಎಂಬ ಮಾತಿಗೆ ಒಪ್ಪಬೇಡಿ. ಸರಿಯಾದ ರಿಪೇರಿ ಎಂದರೆ ಹಳೆ ಗೋಡೆಯನ್ನು ಪೂರ್ತಿ ಕೊರೆದು ತೆಗೆದು ನಿಕಾಸಿಲ್ (ನಿಕಲ್, ಸಿಲಿಕಾನ್ ಕಾರ್ಬೈಡ್ ಸೇರಿದ ಗಟ್ಟಿ ಲೇಪ) ಬಳಿದ ಹೊಸ ಲೈನರು, ಅಂದರೆ ಸಿಲಿಂಡರಿನ ಒಳಕೊಳವೆ, ಅದಕ್ಕೆ ಹೊಂದುವ ಪಿಸ್ಟನ್ನು, ರಿಂಗು. ಆರಕ್ಕೆ ಆರೂ. ಗೀರು ಬಿದ್ದ ಒಂದನ್ನೇ ಮಾಡಿ ಉಳಿದ ಐದನ್ನು ಬಿಟ್ಟರೆ ಇನ್ನೊಂದು ಸಲ ಇದೇ ಎಂಜಿನ್ ಇಳಿಸುತ್ತೀರಿ. ಇದರಲ್ಲೇ ಪಳಗಿದ ಕಾರ್ಯಾಗಾರಗಳು ಅಮೆರಿಕ, ಇಂಗ್ಲೆಂಡಿನಲ್ಲಿವೆ, ಕೇಸನ್ನು ಅಲ್ಲಿಗೆ ಕಳಿಸಿ ತರಿಸುವವರೂ ಇದ್ದಾರೆ. ಖರ್ಚಿನ ನಿಜವಾದ ಭಾಗ ಇದು. ಬೆಂಗಳೂರಿನವರು ಹೇಳಿದ ಲಕ್ಷಗಳಲ್ಲಿ ಇಳಿಸುವ ಕೂಲಿ ಎಷ್ಟು, ಸಿಲಿಂಡರ್ ಕೆಲಸ ಎಷ್ಟು, ಅದನ್ನು ಯಾವ ವಿಧಾನದಲ್ಲಿ ಮಾಡುತ್ತಾರೆ ಎಂದು ಬಿಡಿಸಿ ಕೇಳಿ. ಮನೆಯಲ್ಲಿ ಮಾಡಿ ನೀವು ಉಳಿಸುವುದು ಮೊದಲನೆಯದನ್ನು ಮಾತ್ರ.

ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಬಗ್ಗೆ ನೀವು ಓದಿ ಹೆದರಿರಬಹುದು. 2005ರವರೆಗಿನ ಹಲವು ಎಂಜಿನ್‌ಗಳಲ್ಲಿದ್ದ ಸಣ್ಣ ಬೇರಿಂಗಿಗೆ ಹೋಲಿಸಿದರೆ ನಿಮ್ಮದರಲ್ಲಿರುವುದು ದೊಡ್ಡದು, ಕೆಡುವುದು ಅಪರೂಪ. ಆದರೆ ಕೇಸ್ ಬಿಚ್ಚದೆ ಅದು ಹೊರಗೆ ಬರುವುದಿಲ್ಲ. ಹೇಗೂ ಕೇಸ್ ಬಿಚ್ಚಿದ್ದರೆ ಬದಲಿಸಿಬಿಡಿ. ಬರೀ ಗೇರ್‌ಬಾಕ್ಸ್ ಇಳಿಸಿದ್ದರೆ, ಎಂಜಿನ್ ಟೈಮಿಂಗ್ ಲಾಕ್ ಮಾಡಿ ಚೈನ್ ಟೆನ್ಷನರುಗಳನ್ನು ಸಡಿಲಿಸದೆ ಆ ಮುಚ್ಚಳಕ್ಕೆ ಕೈ ಹಾಕಬೇಡಿ, ಶಾಫ್ಟ್ ಪಕ್ಕಕ್ಕೆ ಜರುಗಿ ಟೈಮಿಂಗ್ ತಪ್ಪುತ್ತದೆ.

ಕಟ್ಟುವಾಗ ಕೇಸಿನ ಎರಡು ಹೋಳುಗಳ ನಡುವೆ ಗ್ಯಾಸ್ಕೆಟ್ ಇಲ್ಲ, ಸೀಲೆಂಟ್ ಮಾತ್ರ. ತೆಳುವಾದ ಒಂದೇ ಎಳೆ ಸಾಕು. ಹೆಚ್ಚಾಗಿ ಹಿಂಡಿದರೆ ಒಳಗಡೆ ಉಬ್ಬಿ ಕಳಚಿ ಆಯಿಲ್ ದಾರಿಗೆ ಅಡ್ಡ ನಿಲ್ಲುತ್ತದೆ. ಡಿಗ್ರಿ ಲೆಕ್ಕದಲ್ಲಿ ಬಿಗಿ ಮಾಡುವ ಬೋಲ್ಟುಗಳು ಒಮ್ಮೆ ಹಿಗ್ಗಿದವು, ಮತ್ತೆ ಬಳಸುವಂತಿಲ್ಲ. ಕನೆಕ್ಟಿಂಗ್ ರಾಡಿನವು, ಹೆಡ್ಡಿನವು ಹೊಸದೇ ಆಗಬೇಕು. ಟಾರ್ಕ್ ಅಂಕಿಗಳನ್ನು ನಾನಿಲ್ಲಿ ಬರೆಯುವುದಿಲ್ಲ, ಕೈಪಿಡಿಯಿಂದಲೇ ತೆಗೆದುಕೊಳ್ಳಿ. ನಾರು ಬಿಡುವ ಬನಿಯನ್ ವೇಸ್ಟನ್ನು ಆ ಮೇಜಿನ ಹತ್ತಿರವೂ ತರಬೇಡಿ.

ಹಳೆಯ ಎಂಜಿನ್ ಕೈಬಿಟ್ಟು ಬೇರೆ ಎಂಜಿನ್ ಕೂರಿಸುವ ಯೋಚನೆ ಬಂದರೆ ಮೊದಲು ಆರ್‌ಟಿಒಗೆ ಹೋಗಿ. ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿ ಪಡೆದು ದಾಖಲಿಸಬೇಕು, ಎಂಜಿನ್ ಕೊಂಡ ಕಾಗದ ಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಕಾಗದವಿಲ್ಲದ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಎಲ್ಲ ಕೂರಿಸಿದ ಮೇಲೆ ಕೂಲೆಂಟನ್ನು ಸುಮ್ಮನೆ ಸುರಿದರೆ ಅಷ್ಟುದ್ದದ ಪೈಪಿನಲ್ಲಿ ಗಾಳಿ ಉಳಿದು ಹೆಡ್ಡು ಕಾಯುತ್ತದೆ. ಒಳಗಿನ ಗಾಳಿ ಎಳೆದು ತುಂಬುವ ವ್ಯಾಕ್ಯೂಮ್ ಸಲಕರಣೆ ತನ್ನಿ, ಗಾಳಿ ತುಂಬುವ ಕಂಪ್ರೆಸರ್ ಇದ್ದರೆ ಮನೆಯಲ್ಲೇ ನಡೆಯುತ್ತದೆ. ಮೊದಲ ಸಲ ಚಾಲೂ ಮಾಡುವ ಮುನ್ನ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಪ್ಲಗ್ಗುಗಳನ್ನು ತೆಗೆದು, ಆಯಿಲ್ ಒತ್ತಡ ಏರುವ ತನಕ ಸ್ಟಾರ್ಟರ್ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಹೊಸ ರಿಂಗು ಕೂರುವ ದಿನಗಳಲ್ಲಿ ಆಗುಂಬೆ ಘಾಟಿ ಹತ್ತಿಸಬೇಡಿ. ಶಿವಮೊಗ್ಗ ಕಡೆಯ ರಸ್ತೆಯಲ್ಲಿ, ವೇಗ ಏರಿಳಿಸುತ್ತ, ಪೂರ್ತಿ ಒತ್ತದೆ ಓಡಿಸಿ. ಮೊದಲ ಆಯಿಲನ್ನು ಬೇಗ ಬದಲಿಸಿ, ಆ ಫಿಲ್ಟರನ್ನೂ ಕತ್ತರಿಸಿ ಹಳೆಯ ಫೋಟೊದ ಪಕ್ಕ ಇಟ್ಟು ನೋಡಿ.

ಸದ್ಯಕ್ಕೆ ಕಾರು ಓಡಿಸುವುದನ್ನು ನಿಲ್ಲಿಸಿ. ಆರೂ ಪ್ಲಗ್ಗುಗಳ ಫೋಟೊ, ಫಿಲ್ಟರ್ ಹಾಳೆಯ ಫೋಟೊ, 4, 5, 6ನೇ ಸಿಲಿಂಡರುಗಳ ಬೋರ್‌ಸ್ಕೋಪ್ ಚಿತ್ರಗಳು, ಇಷ್ಟನ್ನು ಕಳಿಸಿಕೊಡಿ. ಇಳಿಸಬೇಕಾದದ್ದು ಗೇರ್‌ಬಾಕ್ಸೋ ಎಂಜಿನ್ನೋ ಎಂಬುದನ್ನು ಅವನ್ನು ನೋಡಿ ಹೇಳುತ್ತೇನೆ.